ಗುಟ್ಟು ಬಚ್ಚಿಡದ ಓಬಳಯ್ಯ, ಉಳಿ ಹಿಡಿದ ಸಿಂಪಾಡಿಪುರ

ದೊಡ್ಡಬಳ್ಳಾಪುರ: ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಒಂದು ಪ್ರಶ್ನೆ. ನಿಮ್ಮ ವ್ಯಾಪಾರದ ಗುಟ್ಟನ್ನು ಪಕ್ಕದ ಮನೆಯವನಿಗೆ ಹೇಳಿಕೊಡುತ್ತೀರಾ? ಮಾಲು ಎಲ್ಲಿ ಸಿಗುತ್ತೆ, ಯಾವ ರೇಟಿಗೆ ಸಿಗುತ್ತೆ, ಯಾವ ಗಿರಾಕಿ ಯಾವುದಕ್ಕೆ ಒಲೀತಾನೆ ಅನ್ನೋದನ್ನೆಲ್ಲ ಬಿಡಿಸಿ ಹೇಳಿ, "ನೀನೂ ಒಂದು ಅಂಗಡಿ ಇಡಪ್ಪಾ" ಅಂತ ಹರಸುತ್ತೀರಾ?

ಯಾರೂ ಹೂಂ ಅನ್ನಲಾರರು. ತಪ್ಪೂ ಅಲ್ಲ. ಹೊಟ್ಟೆಪಾಡು ಹೊಟ್ಟೆಪಾಡೇ.

ಆದರೆ ಹಾಗೆ ಹೂಂ ಅಂದ ಪುಣ್ಯಾತ್ಮರೊಬ್ಬರು ಇದೇ ದೊಡ್ಡಬಳ್ಳಾಪುರದ ಕಡೆಯವರು. ಅವರ ಹೆಸರು ಪೆನ್ನ ಓಬಳಯ್ಯ. ಅವರ ಊರು ಸಿಂಪಾಡಿಪುರ. ಅವರ ಕಸುಬು ವೀಣೆ ಮಾಡುವುದು. ಕಲಿತ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡಿದ್ದರೆ ಅವರೊಬ್ಬರೇ ಕುಶಲಕರ್ಮಿ ಅನ್ನಿಸಿಕೊಂಡು ಇರಬಹುದಿತ್ತು. ಹಾಗೆ ಮಾಡಲಿಲ್ಲ. ಊರಿನ ಹುಡುಗರನ್ನು ಕೂರಿಸಿಕೊಂಡು ಉಳಿ ಹಿಡಿಯೋದು ಹೇಳಿಕೊಟ್ಟರು. ಒಂದು ಮನೆಯ ವಿದ್ಯೆ ಹತ್ತಾರು ಮನೆಯ ಅನ್ನವಾಯಿತು. ಇವತ್ತು ಸಿಂಪಾಡಿಪುರ ಅಂದರೆ ಸಂಗೀತ ಬಲ್ಲವರಿಗೆ "ವೀಣೆ ಮಾಡೋ ಊರು" ಅಂತಲೇ ಗುರುತು.

ಯಾರೀ ಓಬಳಯ್ಯ?

ಸಂಗೀತಪ್ರೇಮಿ ಅಂದ ಕೂಡಲೆ ಜನರ ಕಣ್ಣಿಗೆ ಬರೋದು ಬೇರೆಯೇ ಚಿತ್ರ. ಜರಿ ಶಲ್ಯ, ಮುಂದಿನ ಸಾಲಿನ ಕುರ್ಚಿ, ತೊಡೆಯ ಮೇಲೆ ತಾಳ. ಸಮಾಜಸೇವಕ ಅಂದ ಕೂಡಲೆ ಬರೋದು ಹಾರ, ತುರಾಯಿ, ಮೈಕು. ಓಬಳಯ್ಯನವರು ಈ ಎರಡೂ ಚಿತ್ರಕ್ಕೆ ಹೊಂದುವವರಲ್ಲ. ಹಾಗಿದ್ದೂ ಅವರ ಬದುಕಿನಲ್ಲಿ ಸಂಗೀತದ ಪ್ರೀತಿಯೂ ಇದೆ, ಊರಸೇವೆಯೂ ಇದೆ. ಎರಡೂ ಒಂದೇ ಕೆಲಸದೊಳಗೆ ಬೆರೆತುಹೋಗಿವೆ.

ಮಳೆ ನಂಬಿದ ಸೀಮೆ ಇದು. ಅರ್ಕಾವತಿ ಹೆಸರಿಗೆ ನದಿ. ವರ್ಷದ ಹೆಚ್ಚು ದಿನ ಮರಳಿನ ಗೆರೆ. ರಾಗಿ ಬಂದರೆ ಉಂಟು, ಇಲ್ಲದಿದ್ದರೆ ಕೂಲಿ. ಹೀಗಾಗಿ ಹೊಟ್ಟೆಪಾಡಿಗೆ ಬೆಂಗಳೂರಿನ ದಾರಿ ಹಿಡಿದವರು ಊರೂರಿಗೂ ಇದ್ದಾರೆ. ಕೆಲವರು ಗಾರೆ ಕೆಲಸಕ್ಕೆ, ಕೆಲವರು ಹೋಟೆಲಿಗೆ, ಕೆಲವರು ಮಗ್ಗಕ್ಕೆ. ಓಬಳಯ್ಯನವರಿಗೆ ಬೆಂಗಳೂರಿನಲ್ಲಿ ಸಿಕ್ಕಿದ್ದು ವೀಣೆ ಮಾಡುವವರ ಸಂಗ. ಅಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಕೈ ಪಳಗಿತು, ಕಿವಿಯೂ ಪಳಗಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಒಬ್ಬರ ಕಥೆ. ಬೆಂಗಳೂರಿಗೆ ಹೋದರು, ಕಸುಬು ಕಲಿತರು, ಅಲ್ಲೇ ನೆಲೆಸಿದರು. ಹೀಗೆ ಹೋದವರು ಲೆಕ್ಕವಿಲ್ಲ. ಓಬಳಯ್ಯನವರ ವಿಶೇಷ ಇರೋದು ಅವರು ತಿರುಗಿ ಬಂದದ್ದರಲ್ಲಿ. ಬರುವಾಗ ಕಸುಬನ್ನೂ ಊರಿಗೆ ಹೊತ್ತು ತಂದರು. ತಂದದ್ದನ್ನು ಹಂಚಿದರು.

ಹಲಸಿನ ಮರ ಸ್ವರವಾಗುವ ಬಗೆ

ಹಂಚಿದ್ದು ಏನನ್ನು ಅನ್ನೋದು ತಿಳಿದರೆ ಆ ದಾನದ ತೂಕ ಗೊತ್ತಾಗುತ್ತೆ. ವೀಣೆ ಮಾಡೋದು ಕುರ್ಚಿ ಮೇಜು ಮಾಡಿದ ಹಾಗಲ್ಲ.

ಮೊದಲು ಮರ. ವೀಣೆಗೆ ಹೇಳಿ ಮಾಡಿಸಿದ್ದು ಹಲಸು. ಹಗುರ, ಆದರೆ ಗಟ್ಟಿ. ಹುಳ ಹತ್ತೋದು ಕಡಿಮೆ. ತಟ್ಟಿದರೆ ಸದ್ದನ್ನು ನುಂಗೋದಿಲ್ಲ, ತಿರುಗಿ ಕೊಡುತ್ತೆ. ಮೃದಂಗಕ್ಕೂ ಹಲಸೇ ಆಗಬೇಕು ಅನ್ನೋದು ಇದಕ್ಕೇ. ಆದರೆ ಎಳೆ ಮರ ನಡೆಯೋದಿಲ್ಲ. ದಶಕಗಟ್ಟಲೆ ನಿಂತು ಬಲಿತ ಮರ ಬೇಕು. ಕಡಿದ ಮೇಲೂ ಒಣಗಬೇಕು. ಹಸಿ ಮರದಲ್ಲಿ ಕೆತ್ತಿದರೆ ನಾಳೆ ಬಿರುಕು, ನಾಡಿದ್ದು ಅಪಸ್ವರ.

ಮರ ಸಿದ್ಧವಾದ ಮೇಲೆ ಕೊಡ. ನೀರಿನ ಕೊಡದ ಹಾಗೇ ಗುಂಡಗೆ ಇರುತ್ತೆ, ಅದಕ್ಕೇ ಆ ಹೆಸರು. ದಪ್ಪ ದಿಮ್ಮಿಯನ್ನು ಒಳಗಿನಿಂದ ಉಳಿಯಲ್ಲಿ ತೋಡುತ್ತಾ ಹೋಗಬೇಕು. ದಪ್ಪ ಉಳಿದರೆ ನಾದ ಒಳಗೇ ಸಾಯುತ್ತೆ. ತೆಳ್ಳಗಾದರೆ ಒಡೆಯುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಅಳತೆಗೋಲು ಇಲ್ಲ. ಬೆರಳಲ್ಲಿ ತಟ್ಟಿ, ಕಿವಿಕೊಟ್ಟು ಕೇಳಿ ನಿಲ್ಲಿಸಬೇಕು.

ಕೊಡದ ಮುಂದೆ ದಂಡಿ. ದಂಡಿಯ ತುದಿಗೆ ಬಾಗಿದ ಕತ್ತು, ಆ ಕತ್ತಿನ ಮೇಲೆ ಯಾಳಿಯ ಮುಖ. ಸಿಂಹವೂ ಹೌದು, ಪೂರ್ತಿ ಸಿಂಹವೂ ಅಲ್ಲ, ಗುಡಿಯ ಕಂಬದ ಮೇಲೆ ಕಾಣುವ ಪ್ರಾಣಿ. ಅದರ ಕೆಳಗೆ ಇನ್ನೊಂದು ಬುರುಡೆ. ನುಡಿಸುವವರ ಎಡತೊಡೆಯ ಮೇಲೆ ಕೂರೋದು ಇದೇ. ಕೊಡ, ದಂಡಿ, ಕತ್ತು ಬೇರೆ ಬೇರೆ ಮಾಡಿ ಕೂಡಿಸೋದು ವಾಡಿಕೆ. ಇಡೀ ವೀಣೆಯನ್ನು ಒಂದೇ ಮರದಲ್ಲಿ ಕಡೆದರೆ ಅದಕ್ಕೆ ಏಕಾಂಡ ವೀಣೆ ಅಂತ ಹೆಸರು. ಅದರ ಬೆಲೆಯೂ ಬೇರೆ, ಗೌರವವೂ ಬೇರೆ.

ಅಂಚಿಗೆ ಬಿಳಿಯ ಚಿತ್ತಾರ ನೋಡಿರಬಹುದು. ಒಂದು ಕಾಲದಲ್ಲಿ ಅದಕ್ಕೆ ಆನೆಯ ದಂತ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ, ಆಮೇಲಿನ ತಿದ್ದುಪಡಿ ಬಂದು ದಂತಕ್ಕೆ ಕಡಿವಾಣ ಬಿತ್ತು. ಈಗ ಪ್ಲಾಸ್ಟಿಕ್ಕು. ಆನೆ ಉಳಿಯಿತು, ವೀಣೆಯ ಅಂದಕ್ಕೂ ಊನವಾಗಲಿಲ್ಲ.

ಕಿವಿಯೇ ಅಳತೆಗೋಲು

ಇಲ್ಲಿಯವರೆಗಿನದು ಬಡಗಿಯ ಕೆಲಸ ಅನ್ನಬಹುದು. ಮುಂದಿನದು ಹಾಗಲ್ಲ.

ವೀಣೆಗೆ 24 ಮೆಟ್ಟಿಲು. ಒಂದು ಸ್ಥಾಯಿಗೆ 12 ಸ್ವರಸ್ಥಾನ, ಎರಡು ಸ್ಥಾಯಿಗೆ 24. ದಂಡಿಯ ಎರಡು ಕಡೆ ಕಪ್ಪು ಮೇಣದ ಸಾಲು ಕಟ್ಟಿ, ಅದರ ಮೇಲೆ ಹಿತ್ತಾಳೆಯ ಒಂದೊಂದು ಮೆಟ್ಟಿಲನ್ನೂ ಕೂರಿಸಬೇಕು. ತಂತಿ ಮೀಟಿ ನೋಡಬೇಕು. ಸ್ವರ ಸ್ವಲ್ಪ ಏರಿತಾ? ಮೆಟ್ಟಿಲನ್ನು ಕೂದಲೆಳೆಯಷ್ಟು ಹಿಂದಕ್ಕೆ. ಇಳಿಯಿತಾ? ಕೂದಲೆಳೆಯಷ್ಟು ಮುಂದಕ್ಕೆ. ಹೀಗೆ 24 ಸಲ. ಇದಕ್ಕೆ ಮೇಳ ಕಟ್ಟೋದು ಅಂತಾರೆ. ಮೇಲೆ ನಾಲ್ಕು ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು, ಒಟ್ಟು ಏಳು. ಒಂದು ಮೆಟ್ಟಿಲು ತಪ್ಪಿದರೂ ಅದರ ಮೇಲೆ ಹಾಯುವ ನಾಲ್ಕು ತಂತಿಯೂ ಅಪಸ್ವರ ಹಾಡುತ್ತವೆ.

ಶಾರದೆಯ ಪಟದ ಮುಂದೆ ಕುಳಿತು ಸರಳೆ ವರಸೆ ಕಲಿತವರಿಗೆ ಸ್ವರಜ್ಞಾನ ಬರೋದು ಸಹಜ. ಹೊಲದಿಂದ ಬಂದ ಹುಡುಗನಿಗೆ ಅದನ್ನು ಬರಿಸೋದು ಹೇಗೆ? ಪುಸ್ತಕದಿಂದ ಆಗೋದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿಸಿ, ತಿದ್ದಿ, ಮತ್ತೆ ಕೇಳಿಸಿ, ಮತ್ತೆ ತಿದ್ದಿ, ದಿನಗಟ್ಟಲೆ ತಿಂಗಳುಗಟ್ಟಲೆ ಅದೇ ಕೆಲಸ. ಕಲಿಯುವವನು ಮರ ಕೆಡಿಸುತ್ತಾನೆ. ಕೆಟ್ಟ ಮರದ ಕಾಸು ಯಾರದು? ಕಲಿಸುವವನ ಹೊತ್ತು ಹೋಗುತ್ತೆ. ಹೋದ ಹೊತ್ತಿನ ಕೂಲಿ ಯಾರದು? ಸಮಾಜಸೇವೆ ಅನ್ನೋ ಮಾತಿಗೆ ಅರ್ಥ ಹುಡುಕುವವರು ಈ ಲೆಕ್ಕ ಹಾಕಿ ನೋಡಬೇಕು.

ವೀಣೆಯನ್ನು ನುಡಿಸದೆಯೂ ಸಂಗೀತವನ್ನು ಜೀವಮಾನವಿಡೀ ಪ್ರೀತಿಸಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಛೇರಿಯಲ್ಲಿ ವಿದ್ವಾಂಸರ ಬೆರಳು ಗಮಕ ಎಳೆದಾಗ ಸಭಿಕರು "ಭಲೆ" ಅನ್ನುತ್ತಾರೆ. ಆ ಗಮಕ ಅಲ್ಲಿ ನಿಲ್ಲುವ ಹಾಗೆ ಮೆಟ್ಟಿಲು ಕೂರಿಸಿದ ಕೈ ಅದಕ್ಕೆ ಎಷ್ಟೋ ದಿನ ಮೊದಲೇ ಅದನ್ನು ಕೇಳಿರುತ್ತೆ.

ಅರಮನೆಯಿಂದ ಹಳ್ಳಿ ಜಗುಲಿಗೆ

ವೀಣೆ ಅಂದರೆ ಮೈಸೂರು, ಮೈಸೂರು ಅಂದರೆ ವೀಣೆ ಅನ್ನೋ ಕಾಲವಿತ್ತು. ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರು (1852-1926) ಮನೆಮಾತಾಗಿದ್ದರು. ಅವರ ಶಿಷ್ಯರು ವೆಂಕಟಗಿರಿಯಪ್ಪನವರು. ವೆಂಕಟಗಿರಿಯಪ್ಪನವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್ಯರು (1920-1997). ಹೀಗೆ ಮೂರು ತಲೆಮಾರಿನ ಹೆಸರನ್ನು ಸಂಗೀತ ಬಲ್ಲವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಹೇಳಲೇಬೇಕು. ದೊಡ್ಡವರು ಅವರು.

ಆದರೆ ಆ ಮಹನೀಯರ ತೊಡೆಯ ಮೇಲಿದ್ದ ವೀಣೆಗಳನ್ನು ಕೆತ್ತಿದವರು ಯಾರು? ಅವರ ಗುರು ಯಾರು, ಶಿಷ್ಯರು ಯಾರು? ಸಭೆಯಲ್ಲಿ ಕೇಳಿ ನೋಡಿ. ತಲೆ ಕೆರೆದುಕೊಳ್ಳುವವರೇ ಹೆಚ್ಚು. ನುಡಿಸಿದವರ ವಂಶಾವಳಿ ಪುಸ್ತಕದಲ್ಲಿ ಉಂಟು. ಮಾಡಿದವರ ವಂಶಾವಳಿ ಮರದ ಹೊಟ್ಟಿನ ಜೊತೆ ಗುಡಿಸಿಹೋಯಿತು.

ಈ ಕಾರಣಕ್ಕೇ ಸಿಂಪಾಡಿಪುರದ ಸಂಗತಿ ದೊಡ್ಡದು. ಅರಮನೆಯಲ್ಲಿ, ದೊಡ್ಡವರ ನಡುಮನೆಯಲ್ಲಿ ಇರುತ್ತಿದ್ದ ವಾದ್ಯ ಇದು. ಅದು ಹುಟ್ಟೋದಕ್ಕೆ ಹಳ್ಳಿಯ ಜಗುಲಿಯೇ ಸಾಕು ಅಂತ ತೋರಿಸಿದ್ದು ಸಿಂಪಾಡಿಪುರ. ದನದ ಕೊಟ್ಟಿಗೆಯ ಪಕ್ಕದಲ್ಲಿ ಸರಸ್ವತಿಯ ವಾದ್ಯ ಸಾಲಾಗಿ ಒಣಗುವುದು ಅಂದರೆ ಅದು ಸಣ್ಣ ಮಾತಲ್ಲ. ಇಲ್ಲಿ ಕಲಿಸಿದವರ ಹೆಸರು ಗೊತ್ತಿದೆ, ಕಲಿತವರು ಯಾರು ಅನ್ನೋದೂ ಊರಿಗೆ ಗೊತ್ತಿದೆ. ಮಾಡಿದವರ ವಂಶಾವಳಿ ಬರೆಯಲು ಇದಕ್ಕಿಂತ ಒಳ್ಳೇ ಊರು ಸಿಗಲಾರದು.

ಬೆವರು ಇವರದು, ಹೆಸರು ಯಾರದೋ

ಈಗ ಸಂಕಟದ ಮಾತು.

ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿ ಬೀದಿಯಲ್ಲೂ ವಿದ್ಯುತ್ ಮಗ್ಗದ ಸದ್ದು. ರಾತ್ರಿ ಹಗಲು ನೇಯ್ದದ್ದು ಇಲ್ಲಿಯ ನೇಕಾರ. ಸೀರೆ ಕೈ ಸೇರುವಾಗ ಪೆಟ್ಟಿಗೆಯ ಮೇಲೆ ಇರೋದು ಬೆಂಗಳೂರಿನ ಅಂಗಡಿಯ ಹೆಸರು. ಉಟ್ಟವರಿಗೆ ಅಂಗಡಿ ಗೊತ್ತು, ನೇಯ್ದವನು ಗೊತ್ತಿಲ್ಲ.

ವೀಣೆಯದೂ ಅದೇ ಹಾಡು. ಮಾಡುವವರು ಹಳ್ಳಿಯಲ್ಲಿ, ಮಾರುವುದು ಬೆಂಗಳೂರಿನ ವಾದ್ಯದಂಗಡಿಯಲ್ಲಿ. ಕೊಳ್ಳುವವರು ಅಂಗಡಿಯ ಚೀಟಿ ನೋಡುತ್ತಾರೆ. ಮಗಳಿಗೆ ಪಾಠ ಶುರುವಾಯಿತು, ಅರಂಗೇಟ್ರಂ ಆಯಿತು, ಮದುವೆಯಾಗಿ ಅಮೆರಿಕಾಕ್ಕೂ ಹೊರಟಳು, ಜೊತೆಗೆ ವೀಣೆಯೂ ಹೊರಟಿತು. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಾರುವಾಗ ಅದು ತನ್ನ ಹುಟ್ಟೂರಿನ ನೆತ್ತಿಯ ಮೇಲೇ ಹಾರಿಹೋದರೂ ಯಾರಿಗೆ ಗೊತ್ತು?

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಅವರಿಗೂ ಬಾಡಿಗೆ ಇದೆ, ಬಂಡವಾಳ ಇದೆ, ಮಾಲು ಮಾರದೆ ಕೂತರೆ ನಷ್ಟ ಇದೆ. ವೀಣೆ ಅಂದರೆ ದಿನಕ್ಕೆ ಹತ್ತು ಹೋಗುವ ಸೋಪಲ್ಲ. ಆದರೆ ಒಂದು ಸಣ್ಣ ಕೆಲಸಕ್ಕೆ ಖರ್ಚೇ ಇಲ್ಲ. ಕೊಡದ ಮೇಲೆ ಒಂದು ಚೀಟಿ, ಅದರಲ್ಲಿ ಊರಿನ ಹೆಸರು, ಮಾಡಿದವರ ಹೆಸರು. ಅಷ್ಟೇ. ಕೊಂಡವರಿಗೆ ನಾಳೆ ಮೇಳ ಸಡಿಲವಾದರೆ ಯಾರ ಬಳಿ ಹೋಗಬೇಕು ಅನ್ನೋದೂ ತಿಳಿಯುತ್ತೆ. ಮೇಣ ಅಲ್ಲವೆ? ಬಿಸಿಲಿಗೆ ಇಳಿಯುತ್ತೆ, ಕಾಲ ಕಳೆದಂತೆ ಜರುಗುತ್ತೆ. ವೀಣೆ ಕೊಳ್ಳೋದು ಒಂದು ಸಲ, ಮೇಳ ಕಟ್ಟಿಸೋದು ಹಲವು ಸಲ. ವ್ಯಾಪಾರ ಬಲ್ಲವರಿಗೆ ಇದರಲ್ಲಿರುವ ಲಾಭವನ್ನು ಹೇಳಿಕೊಡಬೇಕೆ?

ಹಲಸಿನ ಸೀಮೆಯಲ್ಲೇ ಹಲಸಿನ ಚಿಂತೆ

ಇನ್ನೊಂದು ಸಂಕಟ ಮರದ್ದು. ತೂಬಗೆರೆ ಹಲಸು ಅಂದರೆ ಬಾಯಲ್ಲಿ ನೀರೂರದವರಿಲ್ಲ. ಇದೇ ತಾಲ್ಲೂಕಿನದು. ಹಣ್ಣಿನ ಕಾಲದಲ್ಲಿ ರಸ್ತೆ ಬದಿಯಲ್ಲಿ ರಾಶಿ ರಾಶಿ. ಇಂಥ ಸೀಮೆಯಲ್ಲಿ ವೀಣೆಗೆ ಮರದ ಚಿಂತೆಯೇ?

ಹೌದು. ಹಣ್ಣು ಕೊಡುವ ಮರವನ್ನು ಯಾವ ರೈತನೂ ಸುಮ್ಮನೆ ಕಡಿಯೋದಿಲ್ಲ, ಕಡಿಯಲೂ ಬಾರದು. ವೀಣೆಗೆ ಸಲ್ಲುವುದು ವಯಸ್ಸಾಗಿ ಫಲ ನಿಲ್ಲಿಸಿದ, ದಪ್ಪ ಬೊಡ್ಡೆಯ ಮರ. ಅಜ್ಜ ನೆಟ್ಟದ್ದು ಮೊಮ್ಮಗನ ಕಾಲಕ್ಕೆ ವೀಣೆಗೆ ಬರುವ ಲೆಕ್ಕ. ಈಗ ಆಗುತ್ತಿರೋದೇನು? ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಜಿಲ್ಲೆಯ ಭೂಮಿಗೆ ಬಂಗಾರದ ಬೆಲೆ. ತೋಟ ಇದ್ದ ಕಡೆ ಬಡಾವಣೆಯ ಕಲ್ಲು. ಬದುವಿನ ಮೇಲಿದ್ದ ಹಲಸು ಮೊದಲು ಉರುಳುತ್ತೆ. ಉರುಳಿದ್ದು ವೀಣೆಯಾದರೆ ಆ ಮರದ ಪುಣ್ಯ. ಸೌದೆಯಾದರೆ?

ಒಂದು ಹಲಸಿನ ಸಸಿಯನ್ನು ಬದುವಿನಲ್ಲಿ ನೆಡುವುದು ಅಂದರೆ ತಾನು ಕೇಳದ ಕಛೇರಿಗೆ ಈಗಲೇ ಚಂದಾ ಕೊಟ್ಟ ಹಾಗೆ. ವನಮಹೋತ್ಸವದ ಹೆಸರಿನಲ್ಲಿ ಗುಂಡಿ ತೋಡುವ ಶಾಲೆ, ಪಂಚಾಯ್ತಿ, ಯುವಕ ಸಂಘಗಳು ಇದನ್ನು ಯೋಚಿಸಬಹುದು. ನೆಟ್ಟವರಿಗೆ ನೆರಳು, ಮಕ್ಕಳಿಗೆ ತೊಳೆ, ಮೊಮ್ಮಕ್ಕಳಿಗೆ ವೀಣೆ.

ಮೂರನೆಯದು ಹುಡುಗರ ಚಿಂತೆ. ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕಡೆ ಕಾರ್ಖಾನೆಗಳ ಸಾಲು. ಒಂದನೇ ತಾರೀಖಿಗೆ ಸಂಬಳ, ಬಾಗಿಲಿಗೆ ಬಸ್ಸು. ವೀಣೆಯ ಕೂಲಿ ಬರೋದು ವೀಣೆ ಮುಗಿದ ಮೇಲೆ, ವೀಣೆ ಮುಗಿಯೋದು ಒಂದೆರಡು ದಿನಕ್ಕಲ್ಲ. ಮದುವೆಗೆ ಹೆಣ್ಣು ಕೇಳಲು ಹೋದರೆ "ಹುಡುಗ ಏನ್ ಕೆಲ್ಸ ಮಾಡ್ತಾನೆ?" ಅನ್ನುವ ಪ್ರಶ್ನೆಗೆ "ಕಂಪನೀಲಿದಾನೆ" ಅನ್ನೋದು ಸುಲಭದ ಉತ್ತರ. "ವೀಣೆ ಮಾಡ್ತಾನೆ" ಅಂದರೆ "ಅದ್ರಾಗೆ ಏನ್ ಸಿಗ್ತದೆ?" ಅಂತ ಮರುಪ್ರಶ್ನೆ. ಹುಡುಗರನ್ನು ದೂರಿ ಫಲವಿಲ್ಲ. ಕಸುಬಿಗೆ ಮರ್ಯಾದೆಯೂ ಕೂಲಿಯೂ ಎರಡೂ ಬಂದರೆ ಕೈ ತಾನಾಗಿ ಉಳಿಯುತ್ತೆ.

ಆಗಬೇಕಾದ್ದೇನು?

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಒಂದು ಹಣ್ಣು ಊರಿನ ಹೆಸರನ್ನು ಹೊತ್ತು ದೇಶ ಸುತ್ತುತ್ತೆ. ಅತ್ತ ತಂಜಾವೂರಿನ ವೀಣೆಗೂ, ಆಂಧ್ರದ ಬೊಬ್ಬಿಲಿ ವೀಣೆಗೂ ಅಂಥದ್ದೇ ಮಾನ್ಯತೆ ಉಂಟು. ಆ ಊರುಗಳ ಹೆಸರಿನಲ್ಲೇ ಅಲ್ಲಿಯ ವೀಣೆ ಮಾರಾಟವಾಗುತ್ತೆ. ಸಿಂಪಾಡಿಪುರದ ಹೆಸರೂ ಹಾಗೆ ವೀಣೆಯ ಜೊತೆ ಸೇರಿ ಓಡಾಡುವಂತೆ ಮಾಡಲು ಕರಕುಶಲ ಇಲಾಖೆಯವರು, ಜನಪ್ರತಿನಿಧಿಗಳು ಮನಸ್ಸು ಮಾಡಬೇಕು. ಮುಪ್ಪಾದ ಹಲಸಿನ ಮರ ಹರಾಜಾಗುವಾಗ ಸೌದೆ ಮಂಡಿಗಿಂತ ಮೊದಲು ವಾದ್ಯ ಮಾಡುವವರಿಗೆ ಸುದ್ದಿ ಮುಟ್ಟುವ ಒಂದು ಏರ್ಪಾಡಾದರೂ ಆಗಬೇಕು. ಇದಕ್ಕೆ ಕೋಟಿ ಬೇಡ, ಕಾಳಜಿ ಸಾಕು.

ಎಲ್ಲವನ್ನೂ ಸರ್ಕಾರವೇ ಮಾಡಲಿ ಅನ್ನೋದು ಸುಲಭ. ಊರಿನವರು ಮಾಡಬಹುದಾದ್ದೂ ಇದೆ. ರಾಮನವಮಿಗೆ ಪಾನಕ ಹಂಚುವ ಸಂಘಗಳಿವೆ, ಗಣೇಶನ ಪೆಂಡಾಲಿಗೆ ಆರ್ಕೆಸ್ಟ್ರಾ ಕರೆಸುವ ಗೆಳೆಯರ ಬಳಗಗಳಿವೆ. ವರ್ಷಕ್ಕೆ ಒಂದೇ ಒಂದು ಸಂಜೆ ವೀಣೆ ಕಛೇರಿ ಇಡಿಸಲಿ. ವಿದ್ವಾಂಸರಿಗೆ ಹಾರ ಹಾಕುವಾಗ ಆ ವೀಣೆ ಕೆತ್ತಿದವರನ್ನೂ ವೇದಿಕೆಗೆ ಕರೆದು ಒಂದು ಹಾರ ಹಾಕಲಿ. ಖರ್ಚು ಇನ್ನೊಂದು ಹಾರದ್ದು ಮಾತ್ರ.

ಮಗಳಿಗೆ ವೀಣೆ ಕೊಡಿಸುವ ತಂದೆತಾಯಿ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಒಂದು ಸಲ ಸಿಂಪಾಡಿಪುರದ ದಾರಿ ಕೇಳಿದರೂ ಸಾಕು. ಮರ ಒಣಗೋದು, ಕೊಡ ತೋಡೋದು, ಮೆಟ್ಟಿಲು ಕೂರೋದು ಎಲ್ಲವನ್ನೂ ಮಗು ಕಣ್ಣಾರೆ ನೋಡುತ್ತೆ. ಹಾಗೆ ನೋಡಿದ ಮಗು ವೀಣೆಯನ್ನು ಮೂಲೆಗೆ ಒರಗಿಸಿಡಲಾರದು.

ಪೆನ್ನ ಓಬಳಯ್ಯನವರು ಊರಿಗೆ ಕೊಟ್ಟದ್ದು ದುಡ್ಡಲ್ಲ, ಕಟ್ಟಡವಲ್ಲ. ತಾವು ಕಷ್ಟಪಟ್ಟು ಕಲಿತದ್ದನ್ನು ಕೊಟ್ಟರು. ದುಡ್ಡು ಕೊಟ್ಟರೆ ಕೊಟ್ಟವರ ಕೈಯಲ್ಲಿ ಕಡಿಮೆಯಾಗುತ್ತೆ. ಇದು ಹಂಚಿದಷ್ಟೂ ಬೆಳೆಯಿತು. ಬೆಳೆದದ್ದನ್ನು ಉಳಿಸಿಕೊಳ್ಳುವ ಸರದಿ ಈಗ ಉಳಿದವರದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?